ಗುಲ್ಮಾರ್ಗಿನಲ್ಲಿ ನಾಳೆ ಹಿಮ ಬೀಳುವುದೇ?

"ಉಸ್ತಾದರೇ, ಎಪ್ರಿಲ್‌ನಲ್ಲಿ ಗುಲ್ಮಾರ್ಗಿನಲ್ಲಿ ಹಿಮ ಇರುತ್ತದೆಯೇ?"

ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೆ ಪ್ರತಿವರ್ಷ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಾರೆ. ಮದ್ರಸದಲ್ಲಿ ಪಾಠ ಹೇಳುವವನಿಗೂ ಕಾಶ್ಮೀರದ ಹಿಮಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಬಿ.ಎ.ಯಲ್ಲಿ ನಾನು ಭೂಗೋಳವನ್ನು ಒಂದು ವಿಷಯವಾಗಿ ಓದಿದ್ದೇನೆಂಬುದು ನಮ್ಮ ಊರಿಗೆಲ್ಲ ಗೊತ್ತು, ಅಷ್ಟೇ. ಈ ಸಲ ಕೇಳಿದ ಸಹೋದರಿ ಮೊಬೈಲನ್ನೇ ಮುಂದೆ ಹಿಡಿದರು. ಪರದೆಯ ಮೇಲೆ ಗುಲ್ಮಾರ್ಗ್ ಎಂಬ ಹೆಸರು, ಅದರ ಕೆಳಗೆ ಹತ್ತು ದಿನಗಳಿಗೆ ಹತ್ತು ಪುಟ್ಟ ಚಿತ್ರಗಳು. ಎರಡರಲ್ಲಿ ಸೂರ್ಯ, ಮೂರರಲ್ಲಿ ಮೋಡ, ಉಳಿದವುಗಳಲ್ಲಿ ಹಿಮದ ಹರಳು. "ಇದನ್ನು ನಂಬಿ ಟಿಕೆಟ್ ಮಾಡಬಹುದೇ?" ಎಂದು ಕೇಳಿದರು.

ಪ್ರಶ್ನೆ ಸಣ್ಣದು. ಆದರೆ ಅದೇ ಚಿತ್ರವನ್ನು ಅದೇ ದಿನ ಗುಲ್ಮಾರ್ಗಿನಲ್ಲಿ ಕುದುರೆ ಬಾಡಿಗೆಗೆ ಕೊಡುವವನೂ ನೋಡುತ್ತಿರುತ್ತಾನೆ, ಹೋಟೆಲಿನ ಮಾಲಿಕನೂ ನೋಡುತ್ತಾನೆ, ಬೆಟ್ಟದಲ್ಲಿ ಕಾವಲಿರುವ ರಕ್ಷಣಾ ಸಿಬ್ಬಂದಿಯೂ ನೋಡುತ್ತಾರೆ. ಒಬ್ಬರಿಗೆ ಅದು ರಜೆಯ ವಿಷಯ, ಇನ್ನೊಬ್ಬರಿಗೆ ಮನೆಯ ಅಕ್ಕಿಯ ವಿಷಯ, ಮತ್ತೊಬ್ಬರಿಗೆ ಪ್ರಾಣದ ವಿಷಯ. ಆದುದರಿಂದ ಈ ತಿಂಗಳು ಅದರ ಬಗ್ಗೆಯೇ ಸ್ವಲ್ಪ ಮಾತನಾಡೋಣ.

ಗುಲ್ಮಾರ್ಗ್ ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಬಾರಾಮುಲ್ಲಾ ಜಿಲ್ಲೆಯಲ್ಲಿ, ಪೀರ್ ಪಂಜಾಲ್ ಪರ್ವತಸಾಲಿನ ಮಡಿಲಲ್ಲಿರುವ ಒಂದು ಹುಲ್ಲುಗಾವಲು. ಹೆಸರಿನ ಅರ್ಥವೇ ಹೂಗಳ ಬಯಲು. ಎತ್ತರ ಸುಮಾರು 2,650 ಮೀಟರ್. ಅಲ್ಲಿಂದ ಗೊಂಡೋಲಾ ಎಂದು ಕರೆಯುವ ಕೇಬಲ್ ಕಾರು ಎರಡು ಹಂತಗಳಲ್ಲಿ ಮೇಲೇರುತ್ತದೆ. 1998ರಲ್ಲಿ ಆರಂಭವಾದ ಮೊದಲ ಹಂತ ಕೊಂಗ್ಡೂರಿಯವರೆಗೆ. 2005ರಲ್ಲಿ ಆರಂಭವಾದ ಎರಡನೆಯ ಹಂತ ಅಫರ್ವಾತ್ ಶಿಖರದ ಹೆಗಲಿನವರೆಗೆ, ಅಂದರೆ ಸುಮಾರು 3,950 ಮೀಟರ್ ಎತ್ತರಕ್ಕೆ. ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟಕ್ಕಾಗಿ ಜಗತ್ತಿನ ನಾನಾ ಮೂಲೆಗಳಿಂದ ಜನರು ಇಲ್ಲಿಗೆ ಬರುತ್ತಾರೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ಸ್ಪರ್ಧಿಸಿದ ಏಕೈಕ ಕ್ರೀಡಾಪಟು ಆರಿಫ್ ಖಾನ್ ಈ ಇಳಿಜಾರುಗಳಲ್ಲೇ ಆಡಿ ಬೆಳೆದವರು. ನಮ್ಮ ಕೊಡಗಿನ ಹೆಣ್ಣುಮಗಳು ಭವಾನಿ ತೆಕ್ಕಡ ನಂಜುಂಡ ಕೂಡಾ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಇದೇ ಗುಲ್ಮಾರ್ಗಿನಲ್ಲಿ ಪದಕ ಗೆದ್ದಿದ್ದಾರೆ. ಹಿಮವನ್ನೇ ಕಾಣದ ನಾಡಿನಿಂದ ಹೋಗಿ ಹಿಮದ ಮೇಲೆ ಗೆದ್ದು ಬರುವುದೆಂದರೆ ಸಾಮಾನ್ಯ ಮಾತಲ್ಲ.

ಈಗ ಆ ಚಿತ್ರದ ವಿಷಯಕ್ಕೆ ಬರೋಣ. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ಗುಲ್ಮಾರ್ಗಿನ ಬಯಲಿಗೂ ಗೊಂಡೋಲಾದ ತುದಿಗೂ 1,300 ಮೀಟರ್ ಅಂತರ. ಎಂದರೆ ಕೆಳಗೆ 5 ಡಿಗ್ರಿ ಇದ್ದರೆ ಮೇಲೆ ಸೊನ್ನೆಗಿಂತ ಮೂರು ಡಿಗ್ರಿಯಷ್ಟು ಕೆಳಗೆ. ಒಂದೇ ಮೋಡ ಕೆಳಗೆ ಮಳೆ ಸುರಿಸಿ, ಮೇಲೆ ಹಿಮ ಸುರಿಸುತ್ತದೆ. ಮಾರ್ಚ್, ಎಪ್ರಿಲ್‌ನಲ್ಲಿ ಶ್ರೀನಗರದ ಹವಾಮಾನ ಕೇಂದ್ರದ ಪ್ರಕಟಣೆಯಲ್ಲಿ "ಬಯಲಿನಲ್ಲಿ ಮಳೆ, ಎತ್ತರದ ಪ್ರದೇಶಗಳಲ್ಲಿ ಹಿಮ" ಎಂಬ ಮಾತು ಮತ್ತೆ ಮತ್ತೆ ಕಾಣಿಸುವುದು ಇದಕ್ಕಾಗಿಯೇ. ಮೊಬೈಲಿನ ಚಿತ್ರಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ. ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಭೂಮಿಯನ್ನು ಚೌಕಚೌಕವಾಗಿ ವಿಂಗಡಿಸಿ, ಒಂದು ಚೌಕಕ್ಕೆ ಒಂದೇ ಸರಾಸರಿ ಎತ್ತರವನ್ನು ಕೊಡುತ್ತದೆ. ನಮ್ಮ ಹವಾಮಾನ ಇಲಾಖೆ 12 ಕಿಲೋಮೀಟರಿನ ಚೌಕದಿಂದ 6 ಕಿಲೋಮೀಟರಿನ ಚೌಕಕ್ಕೆ ಇಳಿದದ್ದು 2025ರ ಮೇ ತಿಂಗಳಲ್ಲಿ. ಇದು ದೊಡ್ಡ ಪ್ರಗತಿಯೇ ಸರಿ. ಆದರೆ ಆರು ಕಿಲೋಮೀಟರಿನೊಳಗೆ ಹುಲ್ಲುಗಾವಲೂ ಇರಬಹುದು, ಶಿಖರವೂ ಇರಬಹುದು. ಹಾಗಾಗಿ ಗುಲ್ಮಾರ್ಗಿನಲ್ಲಿ ಹಿಮ ಬೀಳುತ್ತದೆಯೇ ಎಂದು ಕೇಳುವಾಗ ಯಾವ ಎತ್ತರದಲ್ಲಿ ಎಂದೂ ಕೇಳಬೇಕು.

ಆ ಮೋಡ ಬರುವುದಾದರೂ ಎಲ್ಲಿಂದ? ನಮ್ಮ ಕರಾವಳಿಗೆ ಮಳೆ ತರುವ ಮುಂಗಾರು ಗಾಳಿ ಅಲ್ಲಿಗೆ ಈ ಕಾಲದಲ್ಲಿ ಹೋಗುವುದಿಲ್ಲ. ಕಾಶ್ಮೀರದ ಹಿಮ ಹುಟ್ಟುವುದು ಪಶ್ಚಿಮದ ಮೆಡಿಟರೇನಿಯನ್ ಸಮುದ್ರದ ಕಡೆಯಲ್ಲಿ. ಅಲ್ಲಿ ಎದ್ದ ಗಾಳಿಯ ಕಲಕಾಟ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ, ದಾರಿಯಲ್ಲಿ ಇತರ ಸಮುದ್ರಗಳ ತೇವವನ್ನೂ ಹೀರಿಕೊಂಡು ಬಂದು ಹಿಮಾಲಯಕ್ಕೆ ಡಿಕ್ಕಿ ಹೊಡೆಯುತ್ತದೆ. ಹವಾಮಾನ ತಜ್ಞರು ಇದನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತಾರೆ. ಇಷ್ಟು ದೂರದಿಂದ ಬರುವ ಅತಿಥಿಯಾದುದರಿಂದ ಮೂರು ನಾಲ್ಕು ದಿನ ಮೊದಲೇ ಅದರ ಸುಳಿವು ಸಿಗುತ್ತದೆ. ಆದರೆ ಅದು ಯಾವ ಕಣಿವೆಗೆ ಎಷ್ಟು ಸುರಿದು ಹೋಗುತ್ತದೆಂಬುದು ಬಹುಮಟ್ಟಿಗೆ ಹಿಂದಿನ ದಿನವೇ ಸ್ಪಷ್ಟವಾಗುವುದು. ಹತ್ತನೆಯ ದಿನದ ಚಿತ್ರವನ್ನು ನಂಬಿ ಟಿಕೆಟ್ ಮಾಡುವುದಕ್ಕಿಂತ ಟಿಕೆಟ್ ಮಾಡಿ ಇನ್‌ಶಾ ಅಲ್ಲಾಹ್ ಎನ್ನುವುದೇ ಮೇಲು ಎಂದು ಆ ಸಹೋದರಿಗೆ ಹೇಳಿದೆ. ಅವರು ನಕ್ಕರು.

ಕಾಶ್ಮೀರಿಗಳಿಗೆ ಈ ಚಿತ್ರಗಳು ಬರುವ ಮೊದಲೇ ಒಂದು ಪಂಚಾಂಗವಿತ್ತು. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್. ಬಳಿಕ ಇಪ್ಪತ್ತು ದಿನ ಚಿಲ್ಲೈ ಖುರ್ದ್. ಕೊನೆಯ ಹತ್ತು ದಿನ ಚಿಲ್ಲೈ ಬಚ್ಚಾ. ಚಿಲ್ಲಾ ಎಂಬ ಫಾರ್ಸಿ ಪದ ನಮಗೆ ಹೊಸದಲ್ಲ, ನಲವತ್ತು ದಿನಗಳ ಅವಧಿಗೆ ನಾವೂ ಅದನ್ನು ಬಳಸುತ್ತೇವೆ. ಕಲಾನ್ ಎಂದರೆ ದೊಡ್ಡದು, ಖುರ್ದ್ ಎಂದರೆ ಸಣ್ಣದು. ಚಳಿಗೆ ಕೂಡಾ ಹಿರಿಯ, ಕಿರಿಯ, ಮಗು ಎಂದು ಸಂಸಾರ ಕಟ್ಟಿಕೊಟ್ಟ ಜನ ಅವರು! ಹಿರಿಯನ ನಲವತ್ತು ದಿನಗಳಲ್ಲಿ ಬಿದ್ದ ಹಿಮ ಒಣಗಿದ ಪುಡಿಯಂತಿದ್ದು, ಗಟ್ಟಿಯಾಗಿ ಕೂತು, ಬೇಸಿಗೆಯವರೆಗೂ ಬೆಟ್ಟದಲ್ಲಿ ಉಳಿಯುತ್ತದೆ. ಮಗುವಿನ ದಿನಗಳಲ್ಲೂ ಅದರ ನಂತರವೂ ಬಿದ್ದದ್ದು ಬಂದಷ್ಟೇ ಬೇಗ ಹೋಗುತ್ತದೆ.

ಈ ಲೆಕ್ಕಾಚಾರದಲ್ಲಿ ಮಹಿಳೆಯರ ಪಾಲು ದೊಡ್ಡದು. ಬೇಸಿಗೆಯಲ್ಲಿ ಬದನೆ, ಸೋರೆ, ಟೊಮೆಟೊಗಳನ್ನು ಹೆಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಹಾಕಿಡುತ್ತಾರೆ. ನಮ್ಮಲ್ಲಿ ಮಳೆಗಾಲಕ್ಕೆಂದು ಹಪ್ಪಳ, ಸಂಡಿಗೆ, ಒಣಮೀನು ಇಡುವುದಿಲ್ಲವೇ, ಹಾಗೆ. ಹಿಮ ಬಿದ್ದು ಜಮ್ಮುವಿನಿಂದ ಬರುವ ಹೆದ್ದಾರಿ ಮುಚ್ಚಿದರೆ ಅಡುಗೆಮನೆ ನಡೆಯುವುದು ಅದರಿಂದಲೇ. ಮಣ್ಣಿನ ಮಡಕೆಗೆ ಬೆತ್ತದಂಥ ಬುಟ್ಟಿ ಹೆಣೆದು ಮಾಡಿದ ಕಾಂಗ್ಡಿಯಲ್ಲಿ ಕೆಂಡ ತುಂಬಿಸಿ ಫೆರನ್ ನಿಲುವಂಗಿಯೊಳಗೆ ಇಟ್ಟುಕೊಳ್ಳುವ ಮೊದಲು ವರ್ಷಕ್ಕೆ ಬೇಕಾದ ಇದ್ದಿಲನ್ನು ಕೂಡಿಡುವುದೂ ಮುನ್ಸೂಚನೆಯೇ. ಮೊದಲ ಹಿಮ ಬಿದ್ದಾಗ ಅದನ್ನು ಯಾವುದರಲ್ಲಾದರೂ ಅಡಗಿಸಿ ಬಂಧುಗಳ ಕೈಗಿಟ್ಟು "ಹೊಸ ಹಿಮ ಮುಬಾರಕ್" ಎಂದು ಹೇಳಿ ಔತಣದ ಪಂದ್ಯ ಗೆಲ್ಲುವ ವಿನೋದವೂ ಅಲ್ಲುಂಟು. ಹಿಮವನ್ನು ಶತ್ರುವೆಂದು ತಿಳಿದವರು ಹಾಗೆ ಮಾಡುವುದಿಲ್ಲ.

ಆದರೆ ಕೆಲವು ವರ್ಷಗಳಿಂದ ಆ ಪಂಚಾಂಗವೇ ಕೈಕೊಡುತ್ತಿದೆ. 2024ರ ಜನವರಿಯ ಬಹುಪಾಲು ದಿನ ಗುಲ್ಮಾರ್ಗ್ ಕಂದುಬಣ್ಣದ ಒಣ ಹುಲ್ಲಾಗಿ ಬಿದ್ದಿತ್ತು. ಚಿಲ್ಲೈ ಕಲಾನ್ ಮುಗಿಯುತ್ತಾ ಬಂದಾಗಷ್ಟೇ ಹಿಮ ಕಾಣಿಸಿತು. 2025ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಕ್ರೀಡಾಕೂಟವನ್ನು ಸಾಕಷ್ಟು ಹಿಮವಿಲ್ಲದ ಕಾರಣ ಮುಂದೂಡಿ ಮಾರ್ಚ್‌ನಲ್ಲಿ ನಡೆಸಿದರು. ಚಳಿಗಾಲದ ಆಟ ವಸಂತದಲ್ಲಿ! ತಂಗ್‌ಮಾರ್ಗಿನಲ್ಲಿ ಗಂಬೂಟು, ಕೋಟು ಬಾಡಿಗೆಗೆ ಕೊಡುವವರು, ಪ್ರವಾಸಿಗರನ್ನು ಮರದ ಜಾರುಬಂಡಿಯಲ್ಲಿ ಕೂರಿಸಿ ಹಗ್ಗ ಹಿಡಿದು ಎಳೆಯುವವರು, ಇವರಿಗೆಲ್ಲ ಸಂಬಳ ಕೊಡುವ ಕಂಪೆನಿ ಯಾವುದೂ ಇಲ್ಲ. ಹಿಮ ಬಂದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಜಾರುಬಂಡಿ ಎಳೆಯುವವನು ಬೆನ್ನು ಬಿಡುವುದಿಲ್ಲವೆಂದು ದೂರುವ ಪ್ರವಾಸಿಗರ ಮಾತು ನಾನೂ ಕೇಳಿದ್ದೇನೆ. ಎರಡು ತಿಂಗಳ ದುಡಿಮೆಯಿಂದ ಹನ್ನೆರಡು ತಿಂಗಳು ಮನೆ ನಡೆಸಬೇಕಾದವನು ಬೆನ್ನು ಬಿದ್ದರೆ ಆಶ್ಚರ್ಯವೇನು?

ವಸಂತಕಾಲದ ಹಿಮದ ಸ್ವಭಾವವೇ ಬೇರೆ. ಅದು ಒಂದೇ ದಿನದಲ್ಲಿ ಮೂರು ರೂಪ ತಾಳುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಗಲಿನ ಶಾಖವೆಲ್ಲ ಮೇಲಕ್ಕೆ ಹೋಗಿ, ಹಿಮದ ಮೇಲ್ಮೈ ಹೆಪ್ಪುಗಟ್ಟಿ ಬೆಳಿಗ್ಗೆ ಕಲ್ಲಿನಂತಾಗಿರುತ್ತದೆ. ಬಿಸಿಲೇರಿದಂತೆ ಮೇಲಿನ ಒಂದೆರಡು ಇಂಚು ಮಾತ್ರ ಕರಗಿ, ನೆನೆದ ಸಬ್ಬಕ್ಕಿಯ ಹಾಗೆ ಕಾಳು ಕಾಳಾಗುತ್ತದೆ. ಜಾರುವವರಿಗೆ ಅತ್ಯಂತ ಇಷ್ಟವಾದ ಗಳಿಗೆ ಅದು, ಒಂದೆರಡು ಗಂಟೆ ಅಷ್ಟೇ. ಮಧ್ಯಾಹ್ನವಾಗುತ್ತಲೇ ನೀರು ಆಳಕ್ಕಿಳಿದು ಮೊಣಕಾಲವರೆಗೆ ಹೂತುಹೋಗುವ ಕೆಸರಾಗುತ್ತದೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಬೇಗ ಕರಗುತ್ತದೆ, ಉತ್ತರದ್ದು ತಡವಾಗಿ. ರಾತ್ರಿ ಮೋಡ ಮುಚ್ಚಿದ್ದರಂತೂ ಅದು ದುಪ್ಪಟಿ ಹೊದಿಸಿದ ಹಾಗೆ, ಹಿಮ ಹೆಪ್ಪುಗಟ್ಟುವುದೇ ಇಲ್ಲ, ಬೆಳಗ್ಗೆಯೇ ಸಡಿಲವಾಗಿರುತ್ತದೆ. ಆದುದರಿಂದ ವಸಂತದಲ್ಲಿ ಬೆಟ್ಟವನ್ನು ಬಲ್ಲವರು ಮೊದಲು ನೋಡುವುದು ನಾಳೆಯ ಹಗಲನ್ನಲ್ಲ, ಇಂದಿನ ರಾತ್ರಿಯನ್ನು. ಆಕಾಶ ತಿಳಿಯೋ ಮೋಡವೋ, ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯಿತೋ ಇಲ್ಲವೋ. ಮೊಬೈಲಿನಲ್ಲಿ ಹಗಲಿಗೆ ಹೊಳೆಯುವ ಸೂರ್ಯನ ಚಿತ್ರ ಕಂಡು ನಾವು ಸಂತೋಷಪಡುತ್ತೇವೆ. ಅಲ್ಲಿನವರಿಗೆ ಅದೇ ಸೂರ್ಯ ಕಡಿದಾದ ಇಳಿಜಾರಿನ ಕೆಳಗೆ ಮಧ್ಯಾಹ್ನ ನಿಲ್ಲಬೇಡ ಎಂಬ ಎಚ್ಚರಿಕೆ.

ಇಲ್ಲಿ ಭಾಷೆಯ ಒಂದು ಮಾತು ಹೇಳಬೇಕು. ನಮ್ಮ ಪತ್ರಿಕೆಗಳು ಆಕಾಶದಿಂದ ಹಿಮ ಬಿದ್ದರೂ ಹಿಮಪಾತ ಎನ್ನುತ್ತವೆ, ಬೆಟ್ಟದಿಂದ ಹಿಮರಾಶಿ ಕುಸಿದು ಜನ ಸತ್ತರೂ ಹಿಮಪಾತ ಎನ್ನುತ್ತವೆ. "ಗುಲ್ಮಾರ್ಗಿನಲ್ಲಿ ಹಿಮಪಾತ, ಪ್ರವಾಸಿಗರಿಗೆ ಸಂತಸ" ಎಂದು ಇವತ್ತು, "ಗುಲ್ಮಾರ್ಗಿನಲ್ಲಿ ಹಿಮಪಾತ, ಇಬ್ಬರ ಸಾವು" ಎಂದು ನಾಳೆ. ಎರಡನೆಯದಕ್ಕೆ ಹಿಮಕುಸಿತ ಎಂಬ ಪದವಿರುವಾಗ ಈ ಗೊಂದಲ ಏಕೆ? ಮಕ್ಕಳಿಗಾದರೂ ಸರಿಯಾಗಿ ಹೇಳಿಕೊಡೋಣ.

ಹಿಮ ಕುಸಿಯುವುದು ಹೇಗೆಂದು ತಿಳಿಯಲು ಅಡುಗೆಮನೆಗೇ ಹೋಗಬಹುದು. ಚಪಾತಿ ಲಟ್ಟಿಸಿ ಒಂದರ ಮೇಲೊಂದು ಇಡುವಾಗ ಅಂಟದಿರಲೆಂದು ನಡುವೆ ಹಿಟ್ಟು ಉದುರಿಸುತ್ತೀರಿ. ತಟ್ಟೆಯನ್ನು ವಾಲಿಸಿದರೆ ಮೇಲಿನ ಚಪಾತಿಗಳು ಹಿಟ್ಟಿನ ಪದರದ ಮೇಲೆ ಜಾರಿ ಬೀಳುತ್ತವೆ. ಬೆಟ್ಟದಲ್ಲೂ ಅಷ್ಟೇ. ಡಿಸೆಂಬರಿನ ಹಿಮ, ಜನವರಿಯ ಹಿಮ, ಫೆಬ್ರವರಿಯ ಹಿಮ ಎಂದು ಪದರಗಳಿರುತ್ತವೆ. ನಡುವೆ ಅಂಟಿಲ್ಲದ ಸಡಿಲ ಪದರವೊಂದಿದ್ದರೆ, ಮೇಲೆ ಹೊಸ ಹಿಮದ ಭಾರ ಬಿದ್ದಾಗ ಅಥವಾ ಒಬ್ಬ ಮನುಷ್ಯ ಅಡ್ಡ ಹಾಯ್ದಾಗ ಇಡೀ ಹಾಸು ಕಿತ್ತು ಬರುತ್ತದೆ. 30ರಿಂದ 45 ಡಿಗ್ರಿ ವಾಲಿರುವ ಇಳಿಜಾರುಗಳಲ್ಲೇ ಇದು ಹೆಚ್ಚು, ಜಾರಾಟಕ್ಕೆ ಮಜಾ ಕೊಡುವುದೂ ಅವೇ. ವಸಂತದಲ್ಲಿ ಕರಗಿದ ನೀರು ಒಳಗಿಳಿದು ಪದರಗಳ ಹಿಡಿತವನ್ನು ಬಿಡಿಸುತ್ತದೆ, ಯಾರೂ ಕಾಲಿಡದಿದ್ದರೂ ಹಿಮ ತಾನಾಗಿ ಕುಸಿಯುತ್ತದೆ. ಅಡಿಯಲ್ಲಿ ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷಗಳ ನಂತರ ಬಹಳ ವೇಗವಾಗಿ ಇಳಿಯುತ್ತದೆ.

2010ರ ಫೆಬ್ರವರಿಯಲ್ಲಿ ಗುಲ್ಮಾರ್ಗಿನ ಬಳಿ ತರಬೇತಿಯಲ್ಲಿದ್ದ 17 ಸೈನಿಕರು ಹಿಮಕುಸಿತಕ್ಕೆ ಬಲಿಯಾದರು. 2023ರ ಫೆಬ್ರವರಿ 1ರಂದು ಅಫರ್ವಾತ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರು ಸತ್ತರು. ಈ ಕೊನೆಯದ್ದು ನಡೆದಾಗ ಗುಲ್ಮಾರ್ಗಿನಲ್ಲಿ ಕ್ರೀಡಾಕೂಟ ನಡೆಯುತ್ತಿತ್ತು. ಗಾಳಿಯ ಬಗ್ಗೆಯೂ ಮರೆಯಬಾರದು. 2017ರ ಜೂನ್‌ನಲ್ಲಿ, ಹಿಮದ ಕಾಲವೇ ಅಲ್ಲದಾಗ, ಬಿರುಗಾಳಿಗೆ ಬುಡಮೇಲಾದ ಮರ ಗೊಂಡೋಲಾದ ತಂತಿಯ ಮೇಲೆ ಬಿದ್ದು ಏಳು ಮಂದಿ ಪ್ರಾಣ ಕಳೆದುಕೊಂಡರು. ದೆಹಲಿಯ ದಂಪತಿ, ಅವರ ಇಬ್ಬರು ಹೆಣ್ಣುಮಕ್ಕಳು, ಜತೆಗೆ ಮೂವರು ಸ್ಥಳೀಯ ಮಾರ್ಗದರ್ಶಕರು. ಗಾಳಿ ಜೋರಾಗಿದೆಯೆಂದು ಗೊಂಡೋಲಾ ನಿಲ್ಲಿಸಿದ ದಿನ ಕೌಂಟರಿನ ಮುಂದೆ ಜಗಳಕ್ಕೆ ನಿಲ್ಲುವವರಿಗೆ ಈ ಸಂಗತಿ ಗೊತ್ತಿರುವುದು ಒಳ್ಳೆಯದು.

ಹಿಮಕುಸಿತದ ಎಚ್ಚರಿಕೆ ಕೊಡುವ ಕೆಲಸಕ್ಕೆಂದೇ ಚಂಡೀಗಢದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ಒಂದು ಕೇಂದ್ರವಿದೆ. ಬೆಟ್ಟಗಳಲ್ಲಿ ಹಿಮದ ಆಳ, ಪದರ, ಉಷ್ಣಾಂಶಗಳನ್ನು ಅಳೆದು, ಯಾವ ಜಿಲ್ಲೆಯಲ್ಲಿ ಎಷ್ಟು ಎತ್ತರದ ಮೇಲೆ ಅಪಾಯವಿದೆಯೆಂದು ಅದು ತಿಳಿಸುತ್ತದೆ. ಆದರೆ ಎಚ್ಚರಿಕೆ ಹೊರಡುವುದು ಬೇರೆ, ತಲುಪಬೇಕಾದವನಿಗೆ ತಲುಪುವುದು ಬೇರೆ, ತಲುಪಿದರೂ ಅವನು ಅದರಂತೆ ನಡೆಯಲು ಸಾಧ್ಯವಾಗುವುದು ಇನ್ನೂ ಬೇರೆ. 2025ರ ಫೆಬ್ರವರಿ 27ರ ಸಂಜೆ ಈ ಕೇಂದ್ರ ಉತ್ತರಾಖಂಡದ ಚಮೋಲಿ ಮತ್ತಿತರ ಜಿಲ್ಲೆಗಳಲ್ಲಿ 2,400 ಮೀಟರಿಗಿಂತ ಮೇಲೆ ಹಿಮಕುಸಿತದ ಅಪಾಯವಿದೆಯೆಂದು ಎಚ್ಚರಿಸಿತ್ತು. ಔಲಿ ಎಂಬ ಇನ್ನೊಂದು ಸ್ಕೀಯಿಂಗ್ ತಾಣವಿರುವುದು ಇದೇ ಚಮೋಲಿಯಲ್ಲಿ. ಮರುದಿನ ಬೆಳಿಗ್ಗೆ ಅದೇ ಜಿಲ್ಲೆಯ ಮಾಣಾ ಗ್ರಾಮದ ಬಳಿ ಗಡಿ ರಸ್ತೆಯ ಕೆಲಸಕ್ಕೆ ಬಂದ 54 ಕಾರ್ಮಿಕರು ತಂಗಿದ್ದ ಶಿಬಿರದ ಮೇಲೆ ಹಿಮ ಕುಸಿಯಿತು. 46 ಮಂದಿಯನ್ನು ಹೊರತೆಗೆದರು, ಎಂಟು ಮಂದಿ ಸತ್ತರು. ವಿದೇಶಿ ಜಾರಾಟಗಾರನ ಮೈಮೇಲೆ ಹಿಮದಡಿಯಿಂದ ಸಂಕೇತ ಕಳುಹಿಸುವ ಉಪಕರಣವಿರುತ್ತದೆ, ಇಂದು ಬೇಡವೆಂದು ಹೋಟೆಲಿನಲ್ಲೇ ಉಳಿಯುವ ಸ್ವಾತಂತ್ರ್ಯವಿರುತ್ತದೆ. ಕೂಲಿಗೆ ಬಂದ ಹುಡುಗನಿಗೆ ಎರಡೂ ಇರುವುದಿಲ್ಲ. ಮುನ್ಸೂಚನೆಯ ವಿಜ್ಞಾನ ಎಷ್ಟು ಮುಂದುವರಿದರೂ ಈ ಅಂತರವನ್ನು ತುಂಬುವ ಕೆಲಸ ಕಂಪ್ಯೂಟರಿನದ್ದಲ್ಲ, ಕೆಲಸ ಮಾಡಿಸುವವರದ್ದು ಮತ್ತು ಸರಕಾರದ್ದು.

ನಮ್ಮವರಿಗೂ ಬೆಟ್ಟದ ಹವೆ ದುಃಖ ಕೊಟ್ಟಿದೆ. 2024ರ ಜೂನ್‌ನಲ್ಲಿ ಕರ್ನಾಟಕದಿಂದ ಉತ್ತರಾಖಂಡದ ಸಹಸ್ರತಾಲ್‌ಗೆ ಚಾರಣ ಹೋಗಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ಮರಳಲಿಲ್ಲ. ಜೂನ್ ತಿಂಗಳಲ್ಲಿ ಹಿಮಗಾಳಿಯೇ ಎಂದು ನಾವು ಬೆರಗಾದೆವು. ನಮ್ಮ ಕ್ಯಾಲೆಂಡರಿನ ಜೂನ್ ನಾಲ್ಕು ಸಾವಿರ ಮೀಟರಿನ ಮೇಲೆ ನಡೆಯುವುದಿಲ್ಲ. ಕಾಶ್ಮೀರಕ್ಕೆ ಎಪ್ರಿಲ್‌ನಲ್ಲಿ ಹೋಗುವ ಕುಟುಂಬಗಳು ಜಾರಾಟಕ್ಕೇನೂ ಇಳಿಯುವುದಿಲ್ಲ, ಹಿಮ ಮುಟ್ಟಿ ಫೋಟೊ ತೆಗೆಸಿಕೊಂಡು ಬರುತ್ತವೆ. ಅವರಿಗೆ ನಾನು ಹೇಳುವುದಿಷ್ಟೇ: ಬಯಲಿನಲ್ಲಿ ಹಿಮ ಕರಗಿರಬಹುದು, ಗೊಂಡೋಲಾದ ಮೇಲಿನ ಹಂತದಲ್ಲಿ ಸಾಮಾನ್ಯವಾಗಿ ಸಿಗುತ್ತದೆ, ಒಂದು ದಿನ ಕೈಯಲ್ಲಿ ಹೆಚ್ಚಿಟ್ಟುಕೊಂಡು ಹೋಗಿ, ಬೆಳಿಗ್ಗೆ ಬೇಗ ಮೇಲೇರಿ. ಕಪ್ಪು ಕನ್ನಡಕ ಮಕ್ಕಳಿಗೂ ಬೇಕು, ಹೊಸ ಹಿಮ ಬಿಸಿಲಿನ ಹತ್ತರಲ್ಲಿ ಎಂಟು ಪಾಲನ್ನು ಕಣ್ಣಿಗೇ ಹೊಡೆಯುತ್ತದೆ. "ಇಂದು ಆ ಕಡೆ ಬೇಡ" ಎಂದು ಅಲ್ಲಿನ ಮಾರ್ಗದರ್ಶಕ ಹೇಳಿದರೆ ಚೌಕಾಸಿ ಮಾಡಬೇಡಿ. ಆ ಮಾತು ಹೇಳಿ ತನ್ನ ಅಂದಿನ ಕೂಲಿಯನ್ನೇ ಅವನು ಬಿಟ್ಟುಕೊಟ್ಟಿರುತ್ತಾನೆ. ಸಾಧ್ಯವಾದರೆ ಅದರಲ್ಲಿ ಒಂದಂಶವನ್ನಾದರೂ ಅವನ ಕೈಗಿಡಿ.

ಆದರೆ ಹಿಮದ ಮುನ್ಸೂಚನೆಯನ್ನು ಎಲ್ಲರಿಗಿಂತ ಹೆಚ್ಚು ಆತಂಕದಿಂದ ಕೇಳುವವರು ಗುಲ್ಮಾರ್ಗಿನ ಕೆಳಗಿನ ಹಳ್ಳಿಗಳಲ್ಲಿದ್ದಾರೆ. ಬೆಟ್ಟದ ಹಿಮವೇ ಅವರ ಕೆರೆ. ಚಿಲ್ಲೈ ಕಲಾನ್‌ನಲ್ಲಿ ಬಿದ್ದದ್ದು ಮೆಲ್ಲಮೆಲ್ಲನೆ ಕರಗಿ ಮೇ, ಜೂನ್‌ನಲ್ಲಿ ಭತ್ತದ ನಾಟಿಗೆ ನೀರಾಗಿ ಇಳಿಯಬೇಕು. ಮಾರ್ಚ್‌ನಲ್ಲಿ ಎಷ್ಟೇ ಬಿದ್ದರೂ ಬಹುಪಾಲು ಎಪ್ರಿಲ್‌ನಲ್ಲೇ ಹರಿದುಹೋಗುತ್ತದೆ. ಅದರ ಮೇಲೆ ಮಳೆಯೂ ಸುರಿದರೆ ಇನ್ನೂ ಬೇಗ. ಪ್ರವಾಸಿಯ ಫೋಟೊದಲ್ಲಿ ಎರಡೂ ಬೆಳ್ಳಗೇ ಕಾಣುತ್ತವೆ. 2025ರ ಫೆಬ್ರವರಿಯಲ್ಲಿ ಅನಂತನಾಗ್ ಜಿಲ್ಲೆಯ ಅಚ್ಛಬಲ್‌ನಲ್ಲಿ ಮೊಗಲರ ಕಾಲದ ಉದ್ಯಾನಕ್ಕೆ ನೀರುಣಿಸುವ ಚಿಲುಮೆ ಬತ್ತಿಹೋಗಿತ್ತು. ಸುತ್ತಲಿನ ಹಳ್ಳಿಗಳಿಗೆ ಕುಡಿಯುವ ನೀರೂ ಅದರದೇ. ಅದಕ್ಕೂ ಮೊದಲು, 2018ರ ಎಪ್ರಿಲ್‌ನಲ್ಲಿ, ಚಳಿಗಾಲದ ಹಿಮ ಕಡಿಮೆಯಾಗಿ ನದಿಗಳಲ್ಲಿ ನೀರಿಲ್ಲದ್ದರಿಂದ ಅಲ್ಲಿನ ನೀರಾವರಿ ಇಲಾಖೆ ಉತ್ತರ ಕಾಶ್ಮೀರದ ರೈತರಿಗೆ ಒಂದು ಸೂಚನೆ ಕೊಟ್ಟಿತು: ಈ ವರ್ಷ ಭತ್ತ ಬೆಳೆಯಬೇಡಿ. ಎರಡು ಹೊತ್ತೂ ಅನ್ನ ಉಣ್ಣುವ ಕಣಿವೆಯ ಮನೆಗಳಿಗೆ, ಬಿತ್ತನೆಯ ಹೊತ್ತಿನಲ್ಲಿ, ಆ ವರ್ಷದ ಮುನ್ಸೂಚನೆ ತಲುಪಿದ್ದು ಹೀಗೆ.